ಬಲಗಡೆಯ ಹೂವು

ದೇವರ ಎಡಭುಜದ ಹೂವು ಬಿತ್ತು. "ಮುಗೀತಲ್ಲ, ಬೊಂಬಾಯಿಗೇ ಹೋಗವ್ವ" ಎಂದು ಗಿರಿಜೆಯ ತಂದೆ ಕೈಮುಗಿದರು.

ನನ್ನ ವಿದ್ಯಾರ್ಥಿನಿ ಗಿರಿಜೆಗೆ ಬೊಂಬಾಯಿ, ಮದರಾಸು ಎರಡೂ ಕಡೆಯ ಹೆಸರಾಂತ ವೈದ್ಯಕೀಯ ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ನಾನೆಷ್ಟು ತಿಳಿಹೇಳಿದರೂ ಅವಳಿಗೆ ತೀರ್ಮಾನವಾಗಲಿಲ್ಲ. ಕೊನೆಗೆ ದಾವಣಗೆರೆಯಿಂದ ಹರಿಹರಕ್ಕೆ, ಅವರ ಮನೆದೇವರ ಗುಡಿಗೆ, ಹೂವಿನ ಅಪ್ಪಣೆ ಕೇಳಲು ಬಂದಿದ್ದೆವು. ಎಡಗಡೆಯದು ಬಿದ್ದರೆ ಬೊಂಬಾಯಿ, ಬಲಗಡೆಯದು ಬಿದ್ದರೆ ಮದರಾಸು.

ಪೂಜಾರಿಯ ಹೊರತು ಯಾರೂ ಕಾಲಿಡದ ಗರ್ಭಗುಡಿಗೆ ಗಿರಿಜೆ ನಡೆದು, ಬಲಭುಜದಲ್ಲಿ ಉಳಿದಿದ್ದ ಹೂವನ್ನು ತಾನೇ ತೆಗೆದು ಮುಡಿದುಕೊಂಡಳು. ಪೂಜಾರಿಯ ಗಂಟೆ ನಿಂತೇ ಹೋಯಿತು.

"ಅದು ಬೀಳೋತನಕ ನನಗೇ ಗೊತ್ತಿರಲಿಲ್ಲರಿ ಮೇಷ್ಟ್ರೇ. ನನಗ ಮದರಾಸೇ ಬೇಕು."

ಈಗ ಯಾರಾದರೂ ಸಲಹೆ ಕೇಳಿ ಬಂದರೆ ಒಂದು ಕಾಲೇಜಿನ ಹೆಸರು ಹೇಳಿ, ಅವರ ಮುಖವನ್ನೇ ನೋಡುತ್ತ ಕೂರುತ್ತೇನೆ.