ಖಾಲಿ ಬಸ್ಸಿನ ಲೆಕ್ಕ

ಸರ್ಕಾರದ ಯೋಜನೆಗಳಿಂದ ಜನರಿಗೆ ನಿಜಕ್ಕೂ ಏನು ದಕ್ಕಿತು ಎಂದು ಅಳೆಯುವ ಆ ಕಚೇರಿಯಲ್ಲಿ ಅರ್ಥಶಾಸ್ತ್ರ ಓದಿದ ಅಧಿಕಾರಿಯೊಬ್ಬರಿಗೆ ‘ಇಲ್ದಿದ್ರೆ ಮೇಡಂ’ ಎಂದೇ ಹೆಸರು. ಸೇತುವೆಯಾಗಲಿ, ಉಚಿತ ಔಷಧವಾಗಲಿ, ಮೇಡಂ ಮೊದಲು ಅದು ಇಲ್ಲದ ಇನ್ನೊಂದು ಊರನ್ನು ಮನಸ್ಸಿನಲ್ಲೇ ಕಟ್ಟಿಕೊಂಡು, ಕೈಯಲ್ಲಿನ ಚಹಾ ಆರಿಹೋಗುವವರೆಗೂ ಅದರ ಬೀದಿಗಳಲ್ಲಿ ಅಲೆಯುತ್ತಾರೆ. ಗಂಡ ಕೊಡೆ ತಂದುಕೊಟ್ಟರೂ, “ಇದು ಇಲ್ದಿದ್ರೆ ನಾನು ನೆನೀತಿದ್ನಾ, ಇಲ್ಲಾ ಮನೇಲೇ ಇರ್ತಿದ್ನಾ?” ಎಂದು ಯೋಚನೆಗೆ ಬೀಳುತ್ತಾರೆ. “ಮೊದ್ಲು ಹಿಡ್ಕೋ, ಆಮೇಲೆ ಯೋಚ್ನೆ ಮಾಡು,” ಎನ್ನುತ್ತಾನೆ ಗಂಡ. ಒಮ್ಮೆ, ಬರೀ ಖಾಲಿ ಓಡುತ್ತದೆಂದು ಮುಂಜಾನೆಯ ಬಸ್ಸೊಂದನ್ನು ನಿಲ್ಲಿಸುವ ಮಾತು ಬಂತು. ಮೇಡಂ ಮಂಜಿನಲ್ಲೇ ಹೋಗಿ ಅದನ್ನು ಹತ್ತಿದರು. ಪಕ್ಕದಲ್ಲಿ ತೂಕಡಿಸುತ್ತಿದ್ದ ಆಸ್ಪತ್ರೆಯ ಆಯಾಳನ್ನು, ಈ ಬಸ್ಸಿಲ್ಲದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರು. “ನಡ್ಕೊಂಡು ಹೋಗ್ತಿದ್ದೆ ಅಕ್ಕ. ಕತ್ಲಲ್ಲೇ ಮಗೂನ ಎಬ್ಬಿಸಿ ಅಮ್ಮನ ಮನೇಲಿ ಬಿಡ್ಬೇಕಾಗ್ತಿತ್ತು. ಈಗ ನಾನು ಹೊರಡೋಷ್ಟ್ರಲ್ಲಿ ಅಮ್ಮನೇ ಮನೆಗೆ ಬಂದಿರ್ತಾಳೆ, ಮಗು ಬೆಳಕಾಗೋವರ್ಗೂ ಮಲಗುತ್ತೆ.” ಮೇಡಂ ತಮ್ಮ ವರದಿಯ ಲಾಭದ ಕಡೆ ‘ಒಂದು ಮಗುವಿನ ಬೆಳಗಿನ ನಿದ್ದೆ’ ಎಂದು ಬರೆದರು. “ಇದಕ್ಕೆ ಬೆಲೆ ಎಷ್ಟಮ್ಮ?” ಎಂದರು ಮೇಲಧಿಕಾರಿ. “ಗೊತ್ತಿಲ್ಲ ಸಾರ್. ಸೊನ್ನೆ ಅಂತೂ ಅಲ್ಲ.” ಮೇಲಧಿಕಾರಿ ಆ ಸಾಲನ್ನು ಹೊಡೆದುಹಾಕದೆ ಸಹಿ ಮಾಡಿದರು. ಬಸ್ಸು ಉಳಿಯಿತು. ಈಗಲೂ ಮುಂಜಾವಿನಲ್ಲಿ ಅದರ ಸದ್ದು ದೂರದಿಂದ ಕೇಳಿದಾಗಲೆಲ್ಲ, ತಾವು ಎಂದೂ ನೋಡದ ಆ ಮಗು ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರಿದಂತೆ ಮೇಡಂಗೆ ಭಾಸವಾಗುತ್ತದೆ.