ಶೈಲಮ್ಮನ ಹನ್ನೊಂದು ಹಲ್ಲಿಗಳು

ಬೆಳಗಿನ ಆರು ಗಂಟೆ. ಮ್ಯಾನ್‌ಹಟನ್ನಿನ ಕಾಲೇಜೊಂದರ ನೆಲಮಾಳಿಗೆ. ಶೈಲಮ್ಮ ಕೋಟು ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ. ಒಳಗೆ ಲೊಚಲೊಚ ಸದ್ದು. ಹಲ್ಲಿ ನುಡಿದಾಗ ನಮ್ಮ ಮನೆಗಳಲ್ಲಿ ಮಾಡುವಂತೆಯೇ ಅವರು ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟಿ “ಕೃಷ್ಣ, ಕೃಷ್ಣ” ಎನ್ನುತ್ತಾರೆ. ಬಿದಿರಿನ ಸಂದಿಯಿಂದ ಬೆರಳುದ್ದದ ಹಲ್ಲಿಗಳು ಒಂದೊಂದಾಗಿ ಹೊರಬರುತ್ತವೆ. ತಟ್ಟಿದ ಮೇಲೆ ಹಿಸುಕಿದ ಬಾಳೆಹಣ್ಣು ಸಿಗುತ್ತದೆಂದು ಅವಕ್ಕೆ ಗೊತ್ತು.

ಧಾರವಾಡದ ಶೈಲಮ್ಮನಿಗೆ ಈಗ ಅರವತ್ತೊಂದು. ಗಂಡ ತೀರಿಕೊಂಡ ಮೇಲೆ, ಎಂಟು ವರ್ಷದ ಹಿಂದೆ, 1971ರಲ್ಲಿ, ನ್ಯೂಯಾರ್ಕಿನದೇ ಫ್ಲಶಿಂಗ್ ಬಡಾವಣೆಯಲ್ಲಿರುವ ಮಗಳು ಮಂಜರಿಯ ಮನೆಗೆ ಬಂದರು. ಮೊದಲು ಈ ಕಾಲೇಜಿನಲ್ಲಿ ನೆಲ ಒರೆಸುತ್ತಿದ್ದರು. ನಾಲ್ಕು ವರ್ಷದಿಂದ, ಇಲ್ಲಿನ ಪ್ರೊಫೆಸರರೊಬ್ಬರು ಸಂಶೋಧನೆಗೆಂದು ಸಾಕಿದ ಹನ್ನೊಂದು ಹಲ್ಲಿಗಳ ಊಟ, ನೀರು, ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಶಾಖ ಎಲ್ಲವೂ ಅವರ ಹೊಣೆ.

ಪೆಸಿಫಿಕ್ ದ್ವೀಪಗಳ ಈ ಹಲ್ಲಿಗಳಲ್ಲಿ ಎಲ್ಲವೂ ಹೆಣ್ಣು. ಗಂಡಿಲ್ಲದೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ದುಃಖದ ಹಲ್ಲಿಗಳೆಂದು ಹೆಸರು. ಶೈಲಮ್ಮ ಇದನ್ನು ಒಪ್ಪುವುದಿಲ್ಲ. “ಗಂಡಿಲ್ಲಂದ್ರ ಅಳಕೋತ ಕೂಡಬೇಕೇನ್ರಿ? ಇವನ್ನ ನೋಡಿ ನಾನೂ ಉಣ್ಣಾಕ ಕಲತೆ.”

ಆದರೂ ಹಲ್ಲಿ ಮುಟ್ಟಿದ ಮೈಲಿಗೆಯನ್ನು ಅವರು ಬಿಟ್ಟಿರಲಿಲ್ಲ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡ ಮೇಲೆಯೇ ದೇವರ ದೀಪ. “ಅತ್ತಿಯವರ, ನಿಮ್ಮ ಹಲ್ಲಿ ದೆಸೆಯಿಂದ ನನಗ ಬಿಸಿನೀರ ಉಳಿಯವಲ್ದು” ಎಂದು ಅಳಿಯ ಶ್ಯಾಮ್ ರೇಗಿಸುತ್ತಿದ್ದರಂತೆ.

ಕಳೆದ ಜನವರಿಯಲ್ಲಿ, ಹಿಮ ಬಿದ್ದ ಒಂದು ಮುಂಜಾನೆ ಕಟ್ಟಡದ ಬಾಯ್ಲರ್ ಕೆಟ್ಟಿತು. ಪೆಟ್ಟಿಗೆಯನ್ನು ಪಕ್ಕದ ಕಟ್ಟಡದ ಬೆಚ್ಚಗಿನ ಕೋಣೆಗೆ ಒಯ್ಯುವಾಗ ಅದು ಪ್ರೊಫೆಸರರ ಕೈಜಾರಿ ಒಡೆಯಿತು. ಹಲ್ಲಿಗಳು ಗೋಡೆಯ ಬಿರುಕು ಸೇರಿದವು. ಆ ಚಳಿಯಲ್ಲಿ ಅವು ಮಧ್ಯಾಹ್ನದವರೆಗೂ ಬದುಕುವಂತಿರಲಿಲ್ಲ. ಪ್ರೊಫೆಸರರು ಬ್ಯಾಟರಿ ಹಿಡಿದು ಹುಡುಕಿ ಕೈಚೆಲ್ಲಿದರು.

ಶೈಲಮ್ಮ ನೆಲದ ಮೇಲೆ ಕೂತು ಗೋಡೆಗೆ ತಟ್ಟಿದರು. “ಕೃಷ್ಣ, ಕೃಷ್ಣ.” ಬಹಳ ಹೊತ್ತಿನ ಮೇಲೆ ಒಂದು ಮೂತಿ ಇಣುಕಿತು. ಅದನ್ನು ಹಿಡಿದು, ಹತ್ತಿರದಲ್ಲಿ ಬೇರೆ ಬಿಸಿ ಜಾಗ ಕಾಣದೆ, ಸ್ವೆಟರಿನೊಳಗೆ ಎದೆಗೆ ಇಟ್ಟುಕೊಂಡರು. ಹೀಗೇ ಹತ್ತು. ಹನ್ನೊಂದನೆಯದಕ್ಕೆ ಇನ್ನೂ ಒಂದು ತಾಸು ತಟ್ಟಬೇಕಾಯಿತು. “ಗೆಣ್ಣು ಕೆತ್ತಿ ರಕ್ತ ಬಂತ್ರಿ. ಆದ್ರ ಅದೂ ಬಂತು.”

ಹನ್ನೊಂದೂ ಉಳಿದವು. ಈಗ ಬಿದಿರಿನ ಮೇಲೆ ಹೊಸದಾಗಿ ಆರು ಮೊಟ್ಟೆಗಳಿವೆ.

ಅಂದು ಮನೆಗೆ ಹೋಗಿ ಸ್ನಾನ ಮಾಡಿದಿರಾ ಎಂದು ಕೇಳಿದೆ.

“ಇಲ್ರಿ. ಹಂಗ ಹೋಗಿ ದೀಪಾ ಹಚ್ಚಿದೆ. ಅವನ ಹೆಸರು ಕೇಳೇ ಹೊರಗ ಬಂದಾವು. ಅವನಿಗೆ ಯಾತರ ಮೈಲಿಗಿ?”