ಓರ್ವಿಲ್ ಟ್ಯಾಕೆಟ್ ಕಟ್ಟಿಸಿದ ಅಂಚೆ ಕಚೇರಿ

ಬ್ರಷಿ ಕಣಿವೆಯಲ್ಲಿ ಓರ್ವಿಲ್ ಟ್ಯಾಕೆಟ್‌ನ ಕ್ಷೌರದಂಗಡಿಯಲ್ಲಿ ತಲೆ ಬಗ್ಗಿಸದ ಗಣಿ ಕಾರ್ಮಿಕನೇ ಇರಲಿಲ್ಲ. ಅವರ ಗಡ್ಡ ಹೆರೆಯುತ್ತಲೇ ಅವನು ಅಮೆರಿಕದ ಸಂಸತ್ತಿನ ಚುನಾವಣೆ ಗೆದ್ದ. ಗೆಲ್ಲಿಸಿದ್ದು ಒಂದೇ ಮಾತು. ಕಣಿವೆಯ ನೆತ್ತಿಯಲ್ಲಿ ಕಲ್ಲಿದ್ದಲು ಕಂಪನಿ ಗಣಿಯ ಕಸ ಸುರಿದು ಕಟ್ಟಿದ ಕಟ್ಟೆಯನ್ನು ಸರ್ಕಾರದವರೇ ಬಂದು ಪರೀಕ್ಷಿಸುವಂತೆ ಕಾಯಿದೆ ತರುತ್ತೇನೆ ಎಂದಿದ್ದ. ಕಟ್ಟೆಯ ಹಿಂದೆ ಕಪ್ಪು ನೀರು ತುಂಬಿ ನಿಂತಿತ್ತು. ಅದರ ಕೆಳಗೇ, ಹಳ್ಳದ ದಂಡೆಯಲ್ಲಿ, ಅವನ ಮಗಳು ಲೂಲಾಳ ಮನೆ.

ವಾಷಿಂಗ್ಟನ್‌ನಲ್ಲಿ ಪಳಗಿದ ಸದಸ್ಯನೊಬ್ಬ ಅವನ ಹೆಗಲ ಮೇಲೆ ಕೈ ಹಾಕಿದ. "ನಮ್ಮೂರ ಬಂದರಿನ ಮಸೂದೆಗೆ ನೀನು ಮತ ಹಾಕು, ನಿಮ್ಮೂರಿಗೆ ಕಲ್ಲಿನ ಅಂಚೆ ಕಚೇರಿ ಕಟ್ಟಿಸ್ತೀನಿ. ಕಟ್ಟೆ ವಿಷಯ ಎತ್ತಿದ್ರೆ ಕಂಪನಿ ಕಡೆಯೋರು ಎರಡನ್ನೂ ಬೀಳಿಸ್ತಾರೆ. ಅದನ್ನ ಮುಂದಿನ ಸಲಕ್ಕೆ ಇಟ್ಕೊಳ್ಳೋ, ತಮ್ಮಾ."

ಅಲ್ಲಿ ಈ ಕೊಡು-ಕೊಳ್ಳು ನಡೆದುಬಂದ ಪದ್ಧತಿ. ಹೊಸಬರೆಲ್ಲರ ಹಾಗೆ ಓರ್ವಿಲ್‌ಗೂ ಮುಂದಿನ ಸಲದ ಗೆಲುವು ಜೇಬಿನಲ್ಲೇ ಇದೆ ಎನ್ನಿಸಿತು. ತಲೆಯಾಡಿಸಿದ. ಪೆದ್ದ! ಎರಡೇ ವರ್ಷಕ್ಕೆ ಬಂದ ಮುಂದಿನ ಚುನಾವಣೆಯಲ್ಲಿ ಜನ ಅವನನ್ನು ಮನೆಗೆ ಕಳಿಸಿದರು. ಅಂಚೆ ಕಚೇರಿಯ ಕಲ್ಲಿನ ಮೇಲೆ ಹೆಸರು ಉಳಿಯಿತು, ಕೈಗೆ ಮತ್ತೆ ಕ್ಷೌರದ ಕತ್ತಿ ಬಂತು.

ಮರು ಫೆಬ್ರವರಿಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಗಣಿಯ ಎನಿಸ್ ಮಲಿನ್ಸ್ ಕುರ್ಚಿಯಲ್ಲಿ ಕೂತು, ಮುಖದ ತುಂಬ ನೊರೆ ಮೆತ್ತಿಸಿಕೊಂಡು ಗೊಣಗಿದ.

"ಏನು ವಿಚಿತ್ರಾನೋ, ಸಂಸತ್ ಸದಸ್ಯರೇ! ಇಷ್ಟು ಮಳೆ ಸುರಿದ್ರೂ ಹಳ್ಳದಲ್ಲಿ ನೀರೇ ಇಲ್ಲ. ಸದ್ದೇ ನಿಂತುಹೋಗಿದೆ."

ಓರ್ವಿಲ್‌ನ ಕೈ ಗಾಳಿಯಲ್ಲೇ ನಿಂತಿತು. ಕಟ್ಟೆಯ ಮಗ್ಗುಲು ಜರಿದು ಹಳ್ಳಕ್ಕೆ ಅಡ್ಡ ಬಿದ್ದಿರಬೇಕು, ನೀರೆಲ್ಲ ಅದರ ಹಿಂದೆ ಏರುತ್ತಿರಬೇಕು. ಎನಿಸ್‌ನನ್ನು ಹಾಗೆಯೇ ಬಿಟ್ಟು ಅಂಚೆ ಕಚೇರಿಗೆ ಓಡಿ ಫೋನು ಹಿಡಿದ.

"ಲೂಲಾ, ಮಗೂನ ಎತ್ಕೊಂಡು ಗುಡ್ಡ ಹತ್ತು. ಈಗಲೇ!"

"ಕಂಪನಿಯೋರು ಈಗ ತಾನೇ ಬಂದು, ಏನೂ ಭಯ ಇಲ್ಲ ಅಂದು ಹೋದ್ರಪ್ಪಾ."

"ಅವರ ಮಾತು ಕಟ್ಕೊಂಡು ಕೂತಿದ್ದೀಯಾ?"

"ಸರ್ಕಾರದೋರು ನೋಡಿ ಹೇಳಿದ್ರೆ ಹೊರಡ್ತಿದ್ದೆ. ಅವರನ್ನ ಕರೆಸ್ತೀನಿ ಅಂದೋನು ನೀನೇ ಅಲ್ವಾ?" ಲೂಲಾ ನಕ್ಕಳು. "ಆಯ್ತು, ಗಾಬರಿ ಬೀಳ್ಬೇಡ. ಮೆಕ್ಕೆಜೋಳದ ರೊಟ್ಟಿ ಬೇಯ್ತಾ ಇದೆ, ಇಳಿಸಿಟ್ಟು ಹೊರಡ್ತೀನಿ."

"ರೊಟ್ಟಿ ಹಾಳಾಗ್ಲಿ, ಓಡು ಮಗಳೇ!" ಎಂದು ಕಿರುಚಿದ.

ಫೋನು ಸತ್ತಿತ್ತು. ಹೊರಗೆ, ಬೆಳಿಗ್ಗೆಯಿಂದ ಸುಮ್ಮನಿದ್ದ ಹಳ್ಳ ದೂರದಲ್ಲಿ ಗುಡುಗತೊಡಗಿತು.